ಬಾಕ್ಸರ್ ನಾಯಿ: ರೂಪ, ಸ್ವಭಾವ, ಆರೋಗ್ಯ

ಬಾಕ್ಸರ್, ಜರ್ಮನಿಯಲ್ಲಿ 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ನಾಯಿ ತಳಿ. ಮಧ್ಯಮ ಗಾತ್ರ, ಗಿಡ್ಡ ಮೂತಿ, ಮೈಗೆ ಅಂಟಿದಂಥ ನುಣುಪು ಕೂದಲು, ಚೌಕಾಕಾರದ ಮೈಕಟ್ಟು ಇದರ ಲಕ್ಷಣಗಳು. ಬೇಟೆನಾಯಿಯ ವಂಶದಲ್ಲಿ ಹುಟ್ಟಿ, ಕಾವಲು ಮತ್ತು ಪೊಲೀಸ್ ಕೆಲಸಕ್ಕೆ ಒಗ್ಗಿ, ಈಗ ಬಹುಪಾಲು ಮನೆಮಂದಿಯ ನಡುವೆ ಬೆಳೆಯುವ ಈ ನಾಯಿ ಮುಖದ ಗಾಂಭೀರ್ಯಕ್ಕೂ ನಡೆಯ ಹುಡುಗಾಟಕ್ಕೂ ತಾಳಮೇಳವೇ ಇಲ್ಲದಿರುವುದಕ್ಕೆ ಹೆಸರಾಗಿದೆ. ಕೆಲವೇ ನಾಯಿಗಳಿಂದ, ಕೆಲವೇ ದಶಕಗಳಲ್ಲಿ, ಮನುಷ್ಯ ಉದ್ದೇಶಪೂರ್ವಕವಾಗಿ ಕಡೆದ ತಳಿ ಇದು. ಇದರ ಚೆಲುವಿಗೂ ಕಾಯಿಲೆಗಳಿಗೂ ಬೇರು ಬಹುಮಟ್ಟಿಗೆ ಅಲ್ಲೇ ಇದೆ.

ಉಗಮ

ಬಾಕ್ಸರ್‌ನ ಪೂರ್ವಜ ಬುಲ್ಲನ್‌ಬೈಸರ್ ಎಂಬ, ಈಗ ಅಳಿದುಹೋಗಿರುವ ಜರ್ಮನ್ ನಾಯಿ. ಹೆಸರಿನ ಅರ್ಥವೇ ಹೋರಿಯನ್ನು ಕಚ್ಚುವುದು ಎಂದು. ದೊರೆಗಳ, ಜಮೀನ್ದಾರರ ಬೇಟೆಯಲ್ಲಿ ಕಾಡುಹಂದಿಯನ್ನೋ ಕರಡಿಯನ್ನೋ ಅಡ್ಡಗಟ್ಟಿ ಕಚ್ಚಿ ಹಿಡಿದು, ಬೇಟೆಗಾರ ಬರುವತನಕ ಬಿಡದೆ ನಿಲ್ಲಿಸುವುದು ಇದರ ಕೆಲಸ, ಕೊಲ್ಲುವುದಲ್ಲ. ಹಾಗಾಗಿ ಅಗಲ ಮೂತಿ, ಬಲವಾದ ದವಡೆ ಇರುವ ನಾಯಿಗಳನ್ನೇ ಆರಿಸಿ ಬೆಳೆಸಿದರು. 19ನೆಯ ಶತಮಾನದ ಆರಂಭದಲ್ಲಿ ಅರಸುಮನೆತನಗಳ ಬೇಟೆ ಕುಗ್ಗಿದಾಗ ಈ ನಾಯಿಗಳು ಕಟುಕರ, ದನದ ವ್ಯಾಪಾರಿಗಳ ಅಂಗಳಕ್ಕೆ ಬಂದವು. ದನಗಳನ್ನು ಹದ್ದುಬಸ್ತಿನಲ್ಲಿಡುವುದು, ರಾತ್ರಿ ಅಂಗಡಿ ಕಾಯುವುದು ಅವುಗಳ ಪಾಲಿನ ಕೆಲಸವಾಯಿತು.

ಮ್ಯೂನಿಕ್ ನಗರದ ಗೇಯೋರ್ಗ್ ಆಲ್ಟ್ ಎಂಬುವರು ಫ್ರಾನ್ಸ್‌ನಿಂದ ತಂದ ಫ್ಲೋರಾ ಎಂಬ ಹೆಣ್ಣುನಾಯಿಯಿಂದ ಆಧುನಿಕ ಬಾಕ್ಸರ್‌ನ ವಂಶಾವಳಿ ತೊಡಗುತ್ತದೆ. ಫ್ಲೋರಾಳ ಸಂತತಿಯ ಹೆಣ್ಣೊಂದನ್ನು ಟಾಮ್ ಎಂಬ ಇಂಗ್ಲಿಷ್ ಬುಲ್‌ಡಾಗ್‌ಗೆ ಕೂಡಿಸಿದಾಗ ಹುಟ್ಟಿದ ಫ್ಲೋಕಿ, ತಳಿಯ ನೋಂದಣಿ ಪುಸ್ತಕದಲ್ಲಿ ಮೊದಲ ಹೆಸರಾಯಿತು. 1890ರ ದಶಕದ ಮಧ್ಯದಲ್ಲಿ ಫ್ರೀಡ್ರಿಖ್ ರಾಬರ್ಟ್, ಎಲಾರ್ಡ್ ಕೋನಿಗ್, ಹೋಪ್ನರ್ ಎಂಬ ಮೂವರು ಮ್ಯೂನಿಕ್‌ನಲ್ಲಿ ತಳಿಯ ಮೊದಲ ಸಂಘ ಕಟ್ಟಿದರು. ಬಾಕ್ಸರ್ ಎಂಬ ಹೆಸರಿನ ಮೂಲ ಇತ್ಯರ್ಥವಾಗಿಲ್ಲ. ಮುಂಗಾಲನ್ನು ಮುಷ್ಟಿಮಲ್ಲನಂತೆ ಬೀಸುವುದರಿಂದ ಬಂತೆಂಬ ವಿವರಣೆ ಜನಪ್ರಿಯ. ಆದರೆ ಆ ಕಾಲದ ಬವೇರಿಯದಲ್ಲಿ ಬಾಕ್ಸ್, ಬಾಕ್ಸಲ್ ಎಂಬುವು ಇಂಥ ನಾಯಿಗಳಿಗೆ ಇಟ್ಟು ಕರೆಯುತ್ತಿದ್ದ ಹೆಸರುಗಳು. ಫ್ಲೋರಾಳ ಮಗನೊಬ್ಬನ ಹೆಸರೇ ಬಾಕ್ಸ್. ಎರಡನೆಯ ವಿವರಣೆಯೇ ಹೆಚ್ಚು ನಂಬುವಂತಿದೆ.

ತಳಿಗೆ ಸ್ಥಿರ ರೂಪ ಕೊಟ್ಟವರಲ್ಲಿ ಮುಖ್ಯರು ಫ್ರೀಡರುನ್ ಸ್ಟಾಕ್‌ಮನ್. ಶಿಲ್ಪಕಲೆಯಲ್ಲಿ ತರಬೇತಿ ಪಡೆದಿದ್ದ ಈಕೆ ಪತಿ ಫಿಲಿಪ್ ಜೊತೆ ನಡೆಸಿದ ಫೊನ್ ಡೋಮ್ ನಾಯಿಕೇಂದ್ರದ ಮರಿಗಳು ಜಗತ್ತಿನ ಬಹುತೇಕ ಬಾಕ್ಸರ್‌ಗಳ ವಂಶವೃಕ್ಷದಲ್ಲಿ ಎಲ್ಲೋ ಒಂದು ಕಡೆ ಸಿಗುತ್ತವೆ. ಮೊದಲ ಮಹಾಯುದ್ಧದಲ್ಲಿ ಬಾಕ್ಸರ್‌ಗಳು ಕಾವಲಿಗೂ ಸಂದೇಶ ಒಯ್ಯುವುದಕ್ಕೂ ರಣರಂಗಕ್ಕೆ ಹೋದವು. ಎರಡು ಯುದ್ಧಗಳ ಹಸಿವಿನ ಕಾಲದಲ್ಲಿ ನಾಯಿಗಳಿಗೆ ಹೊಟ್ಟೆಗೆ ಒದಗಿಸುವುದೇ ಸ್ಟಾಕ್‌ಮನ್ ಅವರಿಗೆ ದೊಡ್ಡ ಪಾಡಾಗಿತ್ತು. ಸಿಗುರ್ಡ್, ಲುಸ್ಟಿಗ್, ಉಟ್ಸ್ ಎಂಬ ಅವರ ನಾಯಿಗಳೂ ಡೋರಿಯನ್ ಫೊನ್ ಮರಿಯೆನ್‌ಹೋಫ್ ಎಂಬ ಇನ್ನೊಂದು ನಾಯಿಯೂ 1930ರ ದಶಕದಲ್ಲಿ ಅಮೆರಿಕ ಸೇರಿ ಅಲ್ಲಿನ ಬಾಕ್ಸರ್‌ಗಳಿಗೆ ತಳಹದಿಯಾದವು. 1951ರಲ್ಲಿ ಬ್ಯಾಂಗ್ ಅವೇ ಎಂಬ ಬಾಕ್ಸರ್ ನ್ಯೂಯಾರ್ಕ್‌ನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದ ಅಗ್ರ ಬಹುಮಾನ ಗೆದ್ದ ಮೇಲಂತೂ ಅಮೆರಿಕದ ಮಧ್ಯಮವರ್ಗದ ಮನೆಗಳಿಗೆ ಈ ತಳಿ ಲಗ್ಗೆ ಹಾಕಿತು.

ರೂಪ

ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ತನ್ನ 144ನೆಯ ತಳಿಮಾನಕದಲ್ಲಿ ಬಾಕ್ಸರ್‌ನ ಅಳತೆಗಳನ್ನು ಹೇಳಿದೆ. ಗಂಡಿನ ಎತ್ತರ ಹೆಗಲ ಬಳಿ 57ರಿಂದ 63 ಸೆಂ.ಮೀ., ಹೆಣ್ಣಿನದು 53ರಿಂದ 59 ಸೆಂ.ಮೀ. ಸುಮಾರು 60 ಸೆಂ.ಮೀ. ಎತ್ತರದ ಗಂಡು 30 ಕಿಲೋಗಿಂತ ಹೆಚ್ಚು ತೂಗಬೇಕು; 56 ಸೆಂ.ಮೀ.ನ ಹೆಣ್ಣು ಸುಮಾರು 25 ಕಿಲೋ. ಎದೆಯಿಂದ ಚಪ್ಪೆಯವರೆಗಿನ ಉದ್ದವೂ ನೆಲದಿಂದ ಹೆಗಲಿನ ಎತ್ತರವೂ ಒಂದೇ ಇರುವುದರಿಂದ ಪಕ್ಕದಿಂದ ನೋಡಿದರೆ ಮೈ ಚೌಕಟ್ಟಿನೊಳಗೆ ಕೂತಂತೆ ಕಾಣುತ್ತದೆ. ಎದೆ ಆಳವಾಗಿ ಮೊಣಕೈವರೆಗೆ ಇಳಿದಿದ್ದು ಹೊಟ್ಟೆ ಹಿಂದಕ್ಕೆ ಏರಿರುತ್ತದೆ. ಕೂದಲು ಗಿಡ್ಡ, ಒತ್ತು, ಹೊಳಪು; ಓಡುವಾಗ ಸ್ನಾಯುಗಳ ಏರಿಳಿತ ಚರ್ಮದಡಿ ಎದ್ದು ಕಾಣುತ್ತದೆ.

ತಳಿಯ ಗುರುತು ಇರುವುದು ತಲೆಯಲ್ಲಿ. ಮೈ ಎಷ್ಟೇ ಚೆನ್ನಾಗಿದ್ದರೂ ತಲೆ ಸರಿಯಿಲ್ಲದಿದ್ದರೆ ಅದು ಒಳ್ಳೆಯ ಬಾಕ್ಸರ್ ಅಲ್ಲ. ಮೂತಿಯ ಉದ್ದ ತಲೆಬುರುಡೆಯ ಉದ್ದದ ಅರ್ಧದಷ್ಟು ಇರಬೇಕೆಂಬುದು ಮಾನಕ. ಕೆಳದವಡೆ ಮೇಲ್ದವಡೆಗಿಂತ ಮುಂದೆ ಚಾಚಿ ತುಸು ಮೇಲಕ್ಕೆ ಬಾಗಿರುತ್ತದೆ. ಆದರೂ ಬಾಯಿ ಮುಚ್ಚಿದಾಗ ಹಲ್ಲಾಗಲಿ ನಾಲಗೆಯಾಗಲಿ ಕಾಣಬಾರದು. ಮೇಲ್ತುಟಿ ದಪ್ಪನಾಗಿ ಜೋತು, ಕೆಳಗಿನ ಕೋರೆಹಲ್ಲುಗಳ ಮೇಲೆ ದಿಂಬಿನಂತೆ ಕೂರುತ್ತದೆ. ಮೂಗಿನ ತುದಿ ಕೊಂಚ ಮೇಲೆ ಎದ್ದಿರುತ್ತದೆ. ಬೇಟೆಯನ್ನು ಕಚ್ಚಿ ಹಿಡಿದಾಗಲೂ ಉಸಿರಾಡಲು ಅನುಕೂಲವಾಗಲೆಂದು ಈ ರಚನೆ ಎಂಬುದು ನಾಯಿ ಸಾಕುವವರ ಹಳೆಯ ಮಾತು. ಕಿವಿ ನಿಮಿರಿದಾಗ ಹಣೆಯಲ್ಲಿ ನೆರಿಗೆ ಮೂಡುತ್ತದೆ. ಮೂಗಿನ ಬುಡದಿಂದ ಇಳಿದ ಎರಡು ಮಡಿಕೆಗಳು ಮಾತ್ರ ಸದಾ ಇರುತ್ತವೆ. ಕಣ್ಣು ಗಾಢ ಕಂದು. ಇದಕ್ಕೆ ಮೂತಿಯ ಕಪ್ಪು ಮುಖವಾಡವೂ ಸೇರಿ, ಆಗಷ್ಟೇ ಏನೋ ದೊಡ್ಡ ಚಿಂತೆಗೆ ಬಿದ್ದ ಮುದುಕನ ಕಳೆ ಆರು ತಿಂಗಳ ಮರಿಗೂ ಬಂದಿರುತ್ತದೆ.

ಚೂಪಾಗಿ ನಿಂತ ಕಿವಿ, ಮೋಟು ಬಾಲ ಹುಟ್ಟಿನಿಂದ ಬಂದವಲ್ಲ. ಮರಿಯ ಬಾಲವನ್ನು ಹುಟ್ಟಿದ ಕೆಲವೇ ದಿನಗಳಲ್ಲಿ, ಕಿವಿಯನ್ನು ಕೆಲವು ವಾರಗಳ ಬಳಿಕ ಕತ್ತರಿಸಿ ಆ ಆಕಾರ ತರುತ್ತಿದ್ದರು. ಜರ್ಮನಿ 1987ರಲ್ಲಿ ಕಿವಿ ಕತ್ತರಿಸುವುದನ್ನೂ 1998ರಲ್ಲಿ ಬಾಲ ಕತ್ತರಿಸುವುದನ್ನೂ ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಬಾಲದ ನಿಷೇಧ ಬಂದದ್ದು 2007ರಲ್ಲಿ. ಈ ನಿಷೇಧ ಬರುವುದನ್ನು ಮೊದಲೇ ಊಹಿಸಿದ್ದ ಬ್ರಿಟಿಷ್ ತಳಿವಿಜ್ಞಾನಿ ಬ್ರೂಸ್ ಕ್ಯಾಟನಕ್ ಒಂದು ಸೊಗಸಾದ ಪ್ರಯೋಗ ಮಾಡಿದರು. ಇಲಿಗಳ ವಂಶವಾಹಿ ಅಧ್ಯಯನವೇ ವೃತ್ತಿಯಾಗಿದ್ದ ಇವರು ಬಾಕ್ಸರ್‌ಗಳನ್ನೂ ಸಾಕಿದ್ದರು. ಹುಟ್ಟಿನಿಂದಲೇ ಮೋಟು ಬಾಲವಿರುವ, ಕುಳ್ಳುಗಾಲಿನ ಪೆಂಬ್ರೋಕ್ ಕಾರ್ಗಿಯನ್ನು 1990ರ ದಶಕದಲ್ಲಿ ಬಾಕ್ಸರ್ ಜೊತೆ ಕೂಡಿಸಿ, ಬಂದ ಮರಿಗಳನ್ನು ಮತ್ತೆ ಮತ್ತೆ ಬಾಕ್ಸರ್‌ಗೇ ಕೂಡಿಸುತ್ತ ಹೋದರು. ನಾಲ್ಕೇ ತಲೆಮಾರಿನಲ್ಲಿ ಕಾರ್ಗಿಯ ಗುರುತೆಲ್ಲ ಅಳಿದು ಮೋಟು ಬಾಲವೊಂದೇ ಉಳಿಯಿತು. ಬ್ರಿಟಿಷ್ ಕೆನೆಲ್ ಕ್ಲಬ್ ಆ ನಾಯಿಗಳನ್ನು ಬಾಕ್ಸರ್ ಎಂದೇ ನೋಂದಾಯಿಸಿತು. ಶುದ್ಧ ತಳಿ ಎಂಬ ಮಾತಿನ ತೂಕವೆಷ್ಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬಣ್ಣ

ಮಾನಕ ಒಪ್ಪುವ ಬಣ್ಣಗಳು ಎರಡೇ. ಒಂದು, ತಿಳಿ ಹಳದಿಯಿಂದ ಗಾಢ ಕೆಂಗಂದಿನವರೆಗೆ ಹಬ್ಬಿದ ಕಂದು. ಇನ್ನೊಂದು, ಅದೇ ಕಂದಿನ ಮೇಲೆ ಪಕ್ಕೆಲುಬಿನ ದಿಕ್ಕಿನಲ್ಲಿ ಕಪ್ಪು ಗೆರೆ ಎಳೆದ ಹುಲಿಪಟ್ಟೆ. ಪಟ್ಟೆ ಒತ್ತಾಗಿದ್ದರೆ ನಾಯಿ ದೂರಕ್ಕೆ ಕಪ್ಪಾಗಿಯೇ ಕಾಣುತ್ತದೆ. ಕಪ್ಪು ಬಾಕ್ಸರ್ ಎಂದು ಹೇಳಿ ಹೆಚ್ಚು ಬೆಲೆಗೆ ಮಾರುವವರು ಮಾರುವುದು ಇದನ್ನೇ, ಇಲ್ಲವೇ ಬೆರಕೆ ಮರಿಯನ್ನು. ಎದೆ, ಪಾದ, ಮುಖದ ಬಿಳುಪು ಮೈಯ ಮೂರನೆಯ ಒಂದು ಭಾಗ ಮೀರಬಾರದು ಎಂಬುದೂ ನಿಯಮ.

ಬಿಳಿ ಬಾಕ್ಸರ್‌ನದು ಬೇರೆಯೇ ಕಥೆ. ಪ್ರದರ್ಶನಗಳಲ್ಲಿ ಮೆಚ್ಚುಗೆ ಪಡೆಯುವುದು ಕೊರಳು, ಕಾಲು, ಮೂತಿಗಳಲ್ಲಿ ಎದ್ದು ಕಾಣುವ ಬಿಳಿ ಮಚ್ಚೆಯ ನಾಯಿ. ಇದರಲ್ಲಿ ಬಿಳುಪಿನ ವಂಶವಾಹಿಯ ಪ್ರತಿ ಒಂದೇ ಇರುತ್ತದೆ. ಇಂಥ ಎರಡನ್ನು ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಪೂರ್ತಿ ಬಣ್ಣದ್ದು, ಎರಡು ತಂದೆತಾಯಿಯಂತೆ ಮಚ್ಚೆಯವು, ಒಂದು ಅಚ್ಚ ಬಿಳಿಯದು. ಬಹುಮಾನದ ರೂಪವನ್ನು ಬಯಸುವವರೆಗೆ ಬೇಡವಾದ ಬಿಳಿ ಮರಿ ಹುಟ್ಟುತ್ತಲೇ ಇರುತ್ತದೆ. ಅದು ತಳಿಗಾರರ ತಪ್ಪೂ ಅಲ್ಲ, ಬೆರಕೆಯ ಗುರುತೂ ಅಲ್ಲ. ಬಿಳಿ ಮರಿಗೆ ಕಣ್ಣಿನ ಬಣ್ಣ ಇರುವುದರಿಂದ ಅದು ಬಿಳಿಚುಗವೂ (ಆಲ್ಬಿನೊ) ಅಲ್ಲ. ಆದರೆ ಒಳಗಿವಿಯಲ್ಲಿ ವರ್ಣಕೋಶಗಳಿಲ್ಲದ ಕಾರಣ ಸುಮಾರು ಐದು ಬಿಳಿ ನಾಯಿಗಳಲ್ಲಿ ಒಂದಕ್ಕೆ ಒಂದು ಕಿವಿಯಾದರೂ ಕೇಳಿಸದು. ಎಳೆ ಬಿಸಿಲಿಗೂ ಅದರ ಚರ್ಮ ಸುಡುತ್ತದೆ. ಒಂದು ಕಾಲಕ್ಕೆ ಇವನ್ನು ಹುಟ್ಟಿದ ಕೂಡಲೇ ಕೊಲ್ಲುವ ರೂಢಿ ವ್ಯಾಪಕವಾಗಿತ್ತು. ಆದಿಮಾತೆಯೆಂದು ತಳಿಗಾರರು ಕೊಂಡಾಡುವ ಮೆಟಾ ಫೊನ್ ಡೆರ್ ಪಸಾಜ್ ಎಂಬ ಹೆಣ್ಣುನಾಯಿಯ ಮೈಯೇ ಬಹುಪಾಲು ಬಿಳಿಯಾಗಿತ್ತು ಎಂಬುದು ಈ ರೂಢಿಯ ವಿಪರ್ಯಾಸ.

ಸ್ವಭಾವ

ಬಾಕ್ಸರ್‌ಗೆ ಬುದ್ಧಿ ಬಲಿಯುವುದು ತಡ. ಬೇರೆ ತಳಿಗಳು ಒಂದೂವರೆ ವರ್ಷಕ್ಕೆ ಗಂಭೀರವಾದರೆ ಇದಕ್ಕೆ ಮೂರು ವರ್ಷ ಬೇಕು. ಕೆಲವಕ್ಕೆ ಮುಖ ನರೆತ ಮೇಲೂ ಮರಿಯಾಟ ಬಿಡುವುದಿಲ್ಲ. ಸಂಜೆ ಮನೆಯವರು ಬಾಗಿಲು ತೆರೆದಾಗ ವಯಸ್ಕ ಬಾಕ್ಸರ್ ಮಾಡುವುದನ್ನು ನೋಡಿದರೆ ಸಾಕು. ಬಾಲವಷ್ಟೇ ಅಲ್ಲ, ಸೊಂಟದಿಂದ ಹಿಂದಿನ ಮೈಯೆಲ್ಲ ಅಲ್ಲಾಡುತ್ತದೆ. ಬೆನ್ನು ಹುರುಳಿಕಾಳಿನಂತೆ ಬಾಗಿ ಮೂಗು ಬಾಲದ ಬುಡ ಮುಟ್ಟುವಷ್ಟಾಗುತ್ತದೆ. ಹಾಗೆ ಬಾಗಿಕೊಂಡೇ ಅಡ್ಡಡ್ಡ ಹೆಜ್ಜೆ ಹಾಕುತ್ತ, ಗಂಟಲೊಳಗೆ ಊಳೂ ಅಲ್ಲದ ಗುರುಗುಟ್ಟೂ ಅಲ್ಲದ ರಾಗ ಎಳೆಯುತ್ತ, ಮುಂಗಾಲಿನಿಂದ ತೊಡೆ ತಟ್ಟುತ್ತದೆ. ಸ್ವಾಗತ ಮುಗಿದ ಮೇಲೆ ಮೈಭಾರವನ್ನೆಲ್ಲ ಮನುಷ್ಯನ ಕಾಲಿಗೆ ಒರಗಿಸಿ ನಿಲ್ಲುತ್ತದೆ. ಆ ಹೊತ್ತಿಗೆ ಬಟ್ಟೆಯ ಮೇಲೆ ಜೊಲ್ಲಿನ ಗೆರೆ ಬಿದ್ದಿರುತ್ತದೆ. ಜೋತ ತುಟಿಯ ನಾಯಿಯಲ್ಲಿ ಇದು ತಪ್ಪಿದ್ದಲ್ಲ. ಗೊರಕೆಯೂ ಹೊಟ್ಟೆಯ ವಾಯುವೂ ಇದರ ಜೊತೆಗೇ ಬರುವ ಬಳುವಳಿ.

ಇಷ್ಟೆಲ್ಲ ಹುಡುಗಾಟದ ಒಳಗೆ ಕಾವಲುನಾಯಿ ಎಚ್ಚರವಾಗಿಯೇ ಇರುತ್ತದೆ. ಬಾಕ್ಸರ್ ಸುಮ್ಮಸುಮ್ಮನೆ ಬೊಗಳುವುದಿಲ್ಲ. ಬೊಗಳಿದರೆ ಎದ್ದು ನೋಡುವುದು ಒಳ್ಳೆಯದು. ಗೇಟಿನ ಬಳಿ ಅಪರಿಚಿತ ಹೆಜ್ಜೆ ಕೇಳಿದರೆ ತಲೆ ಒಂದು ಪಕ್ಕಕ್ಕೆ ವಾಲಿಸಿ, ಹಣೆ ನೆರಿಗೆ ಮಾಡಿ ಆಲಿಸುತ್ತದೆ. ಬಂದವರನ್ನು ಮನೆಯವರು ಒಳಗೆ ಕರೆದ ಮರುಗಳಿಗೆ ಅವರಿಗೂ ತೊಡೆ ತಟ್ಟುವ ಸತ್ಕಾರ ಸಿಗುತ್ತದೆ. ಎಫ್‌ಸಿಐ ಈ ತಳಿಯನ್ನು ಕಾರ್ಯಪರೀಕ್ಷೆ ಕಡ್ಡಾಯವಿರುವ ಗುಂಪಿನಲ್ಲಿ ಇಟ್ಟಿದೆ. ಚೆಲುವಿನ ಜೊತೆ ಕೆಲಸದ ಕಸುವನ್ನೂ ತೋರಿಸದೆ ಅಂತರರಾಷ್ಟ್ರೀಯ ಸೌಂದರ್ಯ ಚಾಂಪಿಯನ್ ಪದವಿ ಸಿಗದು. ಜರ್ಮನಿಯಲ್ಲಿ ಮರಿ ಹಾಕಿಸುವ ಮೊದಲು ಗಂಡು ಹೆಣ್ಣು ಎರಡಕ್ಕೂ ಧೈರ್ಯ ಮತ್ತು ಮನೋಸ್ಥೈರ್ಯದ ಪರೀಕ್ಷೆ ನಡೆಯುತ್ತದೆ.

ಮಕ್ಕಳೊಂದಿಗೆ ಬಾಕ್ಸರ್‌ನ ತಾಳ್ಮೆ ಪ್ರಸಿದ್ಧ. ಆದರೆ ಪ್ರೀತಿಯ ಭರದಲ್ಲಿ ಮೂವತ್ತು ಕಿಲೋದ ನಾಯಿ ಹಾರಿದರೆ ಮೂರು ವರ್ಷದ ಮಗು ನೆಲಕ್ಕೆ ಬೀಳುತ್ತದೆ ಎಂಬುದೂ ಅಷ್ಟೇ ನಿಜ. ಮರಿಯಿದ್ದಾಗಲೇ ನಾಲ್ಕೂ ಕಾಲು ನೆಲದ ಮೇಲಿಡಲು ಕಲಿಸದ ಮನೆಗಳಲ್ಲಿ ಈ ದೂರು ಸಾಮಾನ್ಯ. ಬೀದಿಯಲ್ಲಿ ಇತರ ನಾಯಿಗಳು ಇದರ ಮುಂಗಾಲ ಆಟವನ್ನು ಜಗಳಕ್ಕೆ ಕರೆದಂತೆ ತಿಳಿಯುವುದುಂಟು. ಗಂಡು ಬಾಕ್ಸರ್ ಮತ್ತೊಂದು ಗಂಡುನಾಯಿಯನ್ನು ಸಹಿಸುವುದೂ ಕಡಿಮೆ. ಕಲಿಯುವುದರಲ್ಲಿ ಇದು ದಡ್ಡನಲ್ಲ, ಬೇಸರ ಜಾಸ್ತಿ. ಒಂದೇ ಆಜ್ಞೆಯನ್ನು ಐದಾರು ಸಲ ಹೇಳಿಸಿದರೆ ಏಳನೆಯ ಸಲಕ್ಕೆ ತನ್ನದೇ ಹೊಸ ಆಟ ಹೂಡುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ವಿಧೇಯತೆಯ ಆಧಾರದ ಮೇಲೆ ಮಾಡಿದ ಶ್ರೇಣಿಯಲ್ಲಿ ಬಾಕ್ಸರ್‌ಗೆ 48ನೆಯ ಸ್ಥಾನ ಕೊಟ್ಟಿದ್ದರು. ಹೇಳಿದ ಮಾತು ಕೇಳುವುದನ್ನೇ ಬುದ್ಧಿಯೆಂದು ಎಣಿಸಿದರೆ ಆ ಸ್ಥಾನ ಸರಿಯೇ. ಗದರಿಕೆಗೆ ಮುದುಡುವ, ತಿಂಡಿಗೂ ಹೊಗಳಿಕೆಗೂ ಅರಳುವ ನಾಯಿ ಇದು. ಹಿತ್ತಲಲ್ಲಿ ಒಂಟಿಯಾಗಿ ಕಟ್ಟಿಹಾಕಿದರೆ ಕೊರಗುತ್ತದೆ, ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ.

ಭಾರತದ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ಬಗೆಯ ನಾಯಿಗಳನ್ನು ಉಗ್ರವೆಂದು ಹೆಸರಿಸಿ ಅವುಗಳ ಆಮದು, ಮಾರಾಟಗಳನ್ನು ತಡೆಯುವ ಸುತ್ತೋಲೆ ಹೊರಡಿಸಿತ್ತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ರಾಟ್‌ವೈಲರ್‌ನಂಥ ಜರ್ಮನ್ ತಳಿಯಿದ್ದ ಆ ಪಟ್ಟಿಯಲ್ಲೂ ಬಾಕ್ಸರ್‌ನ ಹೆಸರು ಇರಲಿಲ್ಲ.

ಆರೋಗ್ಯ

ಬಾಕ್ಸರ್‌ನ ಆಯಸ್ಸು ಸಾಮಾನ್ಯವಾಗಿ 10ರಿಂದ 12 ವರ್ಷ. ಈ ಗಾತ್ರದ ನಾಯಿಗೆ ಇದು ತುಸು ಕಡಿಮೆಯೇ. ಅದನ್ನು ಕುಗ್ಗಿಸುವ ಮುಖ್ಯ ಕಾರಣಗಳು ಎರಡು: ಹೃದಯ ಮತ್ತು ಕ್ಯಾನ್ಸರ್.

ಬಾಕ್ಸರ್ ಕಾರ್ಡಿಯೋಮಯೋಪತಿ ಎಂದು ತಳಿಯ ಹೆಸರಿನಿಂದಲೇ ಕರೆಯುವ ಹೃದ್ರೋಗದಲ್ಲಿ ಬಲ ಹೃತ್ಕುಕ್ಷಿಯ ಸ್ನಾಯು ಕ್ರಮೇಣ ಸವೆದು ಆ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಮಿಡಿತದ ವಿದ್ಯುತ್ ಸಂಕೇತ ಅಲ್ಲಿ ದಾರಿ ತಪ್ಪುತ್ತದೆ. ಹೊರಗೆ ಯಾವ ಲಕ್ಷಣವೂ ಕಾಣದೆ ವರ್ಷಗಟ್ಟಲೆ ಇರಬಹುದು. ಒಂದು ದಿನ ಚೆಂಡಿನ ಹಿಂದೆ ಓಡುತ್ತಿದ್ದ ನಾಯಿ ಕಾಲು ಸೋತು ಉರುಳುತ್ತದೆ, ಅರೆನಿಮಿಷದಲ್ಲಿ ಎದ್ದು ಏನೂ ಆಗದಂತೆ ಬಾಲ ಆಡಿಸುತ್ತದೆ. ಮನೆಯವರು ಎಡವಿತೆಂದು ಸುಮ್ಮನಾಗುವುದೇ ಹೆಚ್ಚು. ಅದು ಮೂರ್ಛೆ, ಮುಂದಿನ ಸಲ ಏಳದೆಯೂ ಇರಬಹುದು. ಸ್ಟೆತಾಸ್ಕೋಪಿಗಾಗಲಿ ಒಂದೆರಡು ನಿಮಿಷದ ಇಸಿಜಿಗಾಗಲಿ ಇದು ಸಿಗದೆ ಹೋಗುತ್ತದೆ. ಆದ್ದರಿಂದ ಹೋಲ್ಟರ್ ಎಂಬ ಯಂತ್ರವನ್ನು ಮೈಗೆ ಕಟ್ಟಿ 24 ಗಂಟೆಯ ಮಿಡಿತ ದಾಖಲಿಸುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಅಕಾಲ ಮಿಡಿತಗಳು ಬೆರಳೆಣಿಕೆಯಷ್ಟಿರುತ್ತವೆ; ನೂರು ದಾಟಿದರೆ ವೈದ್ಯರು ಶಂಕಿಸುತ್ತಾರೆ. ಸೋಟಲಾಲ್, ಮೆಕ್ಸಿಲೆಟಿನ್ ಔಷಧಗಳು ಮಿಡಿತವನ್ನು ಹತೋಟಿಗೆ ತರುತ್ತವೆ, ರೋಗವನ್ನು ತೆಗೆಯುವುದಿಲ್ಲ. ಅಮೆರಿಕದ ಸಂಶೋಧಕರು 2010ರಲ್ಲಿ ಸ್ಟ್ರಯಾಟಿನ್ ಎಂಬ ವಂಶವಾಹಿಯ ದೋಷವೊಂದನ್ನು ಇದರೊಂದಿಗೆ ಜೋಡಿಸಿದರು. ಆದರೆ ದೋಷವಿದ್ದೂ ರೋಗ ಬಾರದ, ದೋಷವಿಲ್ಲದೆಯೂ ಬಂದ ನಾಯಿಗಳಿರುವುದರಿಂದ ವಂಶವಾಹಿ ಪರೀಕ್ಷೆಯೊಂದನ್ನೇ ನೆಚ್ಚುವಂತಿಲ್ಲ. ಇದಲ್ಲದೆ ಮಹಾಪಧಮನಿಯ ಬಾಯಿ ಹುಟ್ಟಿನಿಂದ ಕಿರಿದಾಗಿರುವ ತೊಂದರೆಯೂ ಈ ತಳಿಯಲ್ಲಿದೆ. ಎಳೆಯ ನಾಯಿಯ ಎದೆಯಲ್ಲಿ ಕೇಳುವ ಮರ್ಮರ ಶಬ್ದ ಅದರ ಸುಳಿವು.

ಕ್ಯಾನ್ಸರ್‌ಗಳಲ್ಲಿ ಮಾಸ್ಟ್ ಕೋಶಗಳ ಗಡ್ಡೆ, ಲಿಂಫೋಮ, ಮಿದುಳಿನ ಗಡ್ಡೆ ಬಾಕ್ಸರ್‌ಗಳಲ್ಲಿ ಇತರ ತಳಿಗಳಿಗಿಂತ ಹೆಚ್ಚು. ಮಾಸ್ಟ್ ಕೋಶದ ಗಡ್ಡೆ ಚರ್ಮದ ಮೇಲೆ ಸೊಳ್ಳೆ ಕಚ್ಚಿದ ದದ್ದಿನಂತೆ, ನರುಲಿಯಂತೆ, ಕೊಬ್ಬಿನ ಗಂಟಿನಂತೆ, ಯಾವ ವೇಷದಲ್ಲಾದರೂ ಬರಬಹುದು. ಒಂದು ದಿನ ಊದಿ ಮರುದಿನ ಇಳಿಯಬಹುದು. ಸಮಾಧಾನದ ಸಂಗತಿಯೆಂದರೆ ಈ ತಳಿಯಲ್ಲಿ ಅದು ಹೆಚ್ಚಾಗಿ ಸೌಮ್ಯ ಬಗೆಯದು, ಬೇಗ ಕೊಯ್ದು ತೆಗೆದರೆ ಗುಣವಾಗುತ್ತದೆ. ವಾರಕ್ಕೊಮ್ಮೆ ಮೈಯೆಲ್ಲ ಕೈಯಾಡಿಸಿ ನೋಡುವುದು, ಹೊಸ ಗಂಟು ಸಿಕ್ಕರೆ ಸೂಜಿ ಚುಚ್ಚಿ ಕೋಶ ಪರೀಕ್ಷೆ ಮಾಡಿಸುವುದು ಬಾಕ್ಸರ್ ಸಾಕುವವರ ವಾಡಿಕೆಯಾಗಬೇಕು.

ಬಾಕ್ಸರ್‌ನ ಹೆಸರು ಅಂಟಿಕೊಂಡ ಇನ್ನೆರಡು ರೋಗಗಳಿವೆ. ಕಣ್ಣಿನ ಕಾರ್ನಿಯದ ಮೇಲ್ಪದರ ಕೆಳಗಿನದಕ್ಕೆ ಅಂಟದೆ ವಾರಗಟ್ಟಲೆ ಮಾಯದಿರುವ ಹುಣ್ಣು ಒಂದು. ಸಡಿಲ ಪದರವನ್ನು ವೈದ್ಯರು ಸವರಿ ತೆಗೆಯದೆ ಬರೀ ಕಣ್ಣಿನ ಹನಿಯಿಂದ ಇದು ವಾಸಿಯಾಗದು. ಇನ್ನೊಂದು, ರಕ್ತ ಬೆರೆತ ಭೇದಿಯಾಗಿ ಮರಿಯನ್ನು ಸೊರಗಿಸುವ ದೊಡ್ಡ ಕರುಳಿನ ಉರಿಯೂತ. ದೇಹವೇ ತನ್ನ ಮೇಲೆ ತಿರುಗಿಬೀಳುವ ರೋಗವೆಂದು ಬಹುಕಾಲ ತಿಳಿದಿದ್ದರು. ಕರುಳಿನ ಗೋಡೆಯೊಳಕ್ಕೆ ನುಗ್ಗುವ ಇ. ಕೋಲಿ ಬ್ಯಾಕ್ಟೀರಿಯ ಕಾರಣವೆಂದು ತಿಳಿದ ಮೇಲೆ ಎನ್ರೋಫ್ಲಾಕ್ಸಸಿನ್ ಎಂಬ ಜೀವಿರೋಧಕದಿಂದ ಬಹಳಷ್ಟು ಮರಿಗಳು ಬದುಕಿಕೊಂಡಿವೆ. ಮುಪ್ಪಿನಲ್ಲಿ ಹಿಂಗಾಲು ಸೋಲುತ್ತ ಬರುವ ಬೆನ್ನುಹುರಿಯ ಸವೆತ, ಚಪ್ಪೆಯ ಕೀಲಿನ ಸಡಿಲಿಕೆ, ಥೈರಾಯ್ಡ್ ಕೊರತೆ, ಹಲ್ಲು ಮುಚ್ಚುವಂತೆ ವಸಡು ಬೆಳೆಯುವುದು ಉಳಿದ ತೊಂದರೆಗಳು. ಆಳ ಎದೆಯ ಎಲ್ಲ ನಾಯಿಗಳಂತೆ ಇದಕ್ಕೂ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಕೂಡಲೇ ಓಡಿಸದಿರುವುದು ಲೇಸು. ಎಸಿಪ್ರೊಮಾಜಿನ್ ಎಂಬ ಶಾಮಕ ಕೊಟ್ಟಾಗ ಕೆಲವು ಬಾಕ್ಸರ್‌ಗಳ ರಕ್ತದೊತ್ತಡ ಹಠಾತ್ತನೆ ಕುಸಿಯುವುದುಂಟು. ಶಸ್ತ್ರಚಿಕಿತ್ಸೆಗೆ ಒಯ್ದಾಗ ಇದನ್ನು ವೈದ್ಯರಿಗೆ ನೆನಪಿಸಬೇಕು.

ನಾಯಿಯ ಮೈ ಬೆವರುವುದಿಲ್ಲ; ತೇಕುತ್ತ, ಮೂಗು ಬಾಯಿಗಳ ತೇವ ಆರಿಸಿ ತಂಪಾಗುತ್ತದೆ. ಮೂತಿ ಗಿಡ್ಡವಾದಷ್ಟೂ ಆ ತೇವದ ಮೇಲ್ಮೈ ಕಡಿಮೆ. ಉದ್ದ ಮೂತಿಯ ಮುಧೋಳ ನಾಯಿ ಬಾಗಲಕೋಟೆಯ ಬಿಸಿಲಿಗೆ ಒಗ್ಗಿಕೊಂಡಂತೆ ಬಾಕ್ಸರ್ ಒಗ್ಗಲಾರದು. ಬೆಂಗಳೂರು, ಮಡಿಕೇರಿಯ ಹವೆ ಇದಕ್ಕೆ ಸಹ್ಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಬೆಳಗಿನ ಆರಕ್ಕೆ, ರಾತ್ರಿ ಎಂಟರ ಮೇಲಷ್ಟೇ ಅಡ್ಡಾಡಿಸಬೇಕು. ನಾಯಿಯ ಸಹಜ ತಾಪ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಪ್ರಾಣಕ್ಕೆ ಸಂಚಕಾರ. ನಾಲಗೆ ಕಡುಗೆಂಪಾಗಿ, ತೇಕು ನಿಲ್ಲದೆ, ನಡಿಗೆ ತೂರಾಡಿದರೆ ಮೊದಲು ಮೈಮೇಲೆ ನೀರು ಸುರಿದು ಗಾಳಿ ಹಾಕಬೇಕು, ಆಮೇಲೆ ಆಸ್ಪತ್ರೆಯ ದಾರಿ ಹಿಡಿಯಬೇಕು. ಗಿಡ್ಡ ಕೂದಲಿನ ಒಂದು ಲಾಭವೆಂದರೆ ಜ್ವರ ಹರಡುವ ಉಣ್ಣೆ ಹುಳು ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ನಾಯಿಗಳನ್ನು ಕಾಡುವ ಎರ್ಲಿಕಿಯ, ಬಬೇಸಿಯ ರೋಗಗಳೆರಡೂ ಅದರ ಕಡಿತದಿಂದಲೇ ಬರುವುದು.

ವಂಶವಾಹಿಯ ಪಾಠ

ಕೆಲವೇ ಪೂರ್ವಜರ ಒಳಸಂಬಂಧದಿಂದ ಬೆಳೆದದ್ದರಿಂದ ಬಾಕ್ಸರ್‌ಗಳ ವಂಶವಾಹಿಗಳಲ್ಲಿ ವೈವಿಧ್ಯ ಕಡಿಮೆ. ಆರೋಗ್ಯಕ್ಕೆ ಕೊರತೆಯಾದ ಈ ಗುಣವೇ ವಿಜ್ಞಾನಕ್ಕೆ ಅನುಕೂಲವಾಯಿತು. ಎರಡು ಪ್ರತಿಗಳ ನಡುವೆ ವ್ಯತ್ಯಾಸ ಕಡಿಮೆಯಿದ್ದಷ್ಟೂ ಪೂರ್ಣ ಜೀನೋಮ್ ಜೋಡಿಸುವುದು ಸುಲಭ. ಅಮೆರಿಕದ ಬ್ರಾಡ್ ಸಂಸ್ಥೆಯ ಕರ್ಸ್ಟಿನ್ ಲಿಂಡ್‌ಬ್ಲಾಡ್-ಟೋ ಮತ್ತು ಸಂಗಡಿಗರು ಇದೇ ಕಾರಣಕ್ಕೆ ಟಾಶಾ ಎಂಬ ಹೆಣ್ಣು ಬಾಕ್ಸರ್‌ನ್ನು ಆರಿಸಿದರು. ಸುಮಾರು 240 ಕೋಟಿ ಅಕ್ಷರಗಳ ಆಕೆಯ ಜೀನೋಮ್ 2005ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಗಿ, ಮುಂದೆ ಎಲ್ಲ ನಾಯಿಗಳ ಅಧ್ಯಯನಕ್ಕೂ ಅಳತೆಗೋಲಾಯಿತು.

ತಳಿಗಾರರು ಮನಸ್ಸು ಮಾಡಿದರೆ ರೋಗವೊಂದನ್ನು ಬೇರುಸಹಿತ ಕೀಳಬಹುದು ಎಂಬುದಕ್ಕೂ ಬಾಕ್ಸರ್‌ನಲ್ಲೇ ನಿದರ್ಶನವಿದೆ. ಎಳೆಯ ನಾಯಿಗಳ ನರಗಳನ್ನು ಕೆಡಿಸಿ ಹಿಂಗಾಲು ಕಸಿಯುತ್ತಿದ್ದ ಪ್ರೊಗ್ರೆಸಿವ್ ಆಕ್ಸೊನೊಪತಿ ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯ ಸುಮಾರಿಗೆ ಬೆಳಕಿಗೆ ಬಂತು. ಅಲ್ಲಿನ ಬಾಕ್ಸರ್ ಸಂಘಗಳು ವಂಶಾವಳಿಗಳನ್ನು ಮುಚ್ಚಿಡದೆ ಬಹಿರಂಗಪಡಿಸಿ, ದೋಷ ಹೊತ್ತಿರಬಹುದಾದ ನಾಯಿಗಳಿಂದ ಮರಿ ಹಾಕಿಸುವುದನ್ನು ನಿಲ್ಲಿಸಿದವು. ವಂಶವಾಹಿ ಪರೀಕ್ಷೆಗಳಿಲ್ಲದ ಆ ಕಾಲದಲ್ಲೇ ರೋಗ ಕಣ್ಮರೆಯಾಯಿತು.

ಬಾಕ್ಸರ್ ಮರಿ ಕೊಳ್ಳುವವರು ಬಣ್ಣ, ಬೆಲೆ ವಿಚಾರಿಸುವ ಮೊದಲು ತಂದೆತಾಯಿ ನಾಯಿಗಳ ಹೋಲ್ಟರ್ ವರದಿ, ಹೃದಯದ ಮರ್ಮರ ತಪಾಸಣೆ, ಚಪ್ಪೆಯ ಎಕ್ಸ್‌ರೇಗಳನ್ನು ಕೇಳಬೇಕು. ಆಗದಿದ್ದರೆ ತಾಯಿನಾಯಿಯನ್ನಾದರೂ ಕಣ್ಣಾರೆ ನೋಡಬೇಕು. ಎರಡನ್ನೂ ತೋರಿಸಲೊಲ್ಲದವರ ಬಳಿ ಮರಿ ಕೊಳ್ಳದೆ ಹಿಂದಿರುಗುವುದೇ ವಾಸಿ.